ಒಳಗಿನ ದೋಣಿಗೆ ದಾರಿ

ಬಂದರಿನಲ್ಲಿ ಜಾಗ ಸಾಲದಿದ್ದರೆ ದೋಣಿಗಳನ್ನು ಒಂದರ ಮಗ್ಗುಲಿಗೆ ಒಂದು ಕಟ್ಟುತ್ತಾರೆ. ಒಳಗಿನ ದೋಣಿಗೆ ಧಕ್ಕೆಯ, ಅಂದರೆ ದಡದ ಕಟ್ಟೆಯ, ಗೋಡೆ ಆಸರೆ, ಹೊರಗಿನ ದೋಣಿಗೆ ಒಳಗಿನದೇ ಆಸರೆ. ನಮ್ಮ ಹಾಯಿದೋಣಿ ಹೊರಗಿನದು, ಬಡಗಿಯೊಬ್ಬನದು ಒಳಗಿನದು. ನಾವು ನೆಲ ಮುಟ್ಟಬೇಕಾದರೆ ಅವನ ದೋಣಿಯ ಮೇಲೆ ನಡೆದು ಹೋಗಬೇಕು. ಅವನು ಕಡಲಿಗೆ ಇಳಿಯಬೇಕಾದರೆ ನಾವು ಹಗ್ಗ ಬಿಚ್ಚಿ, ಪಕ್ಕಕ್ಕೆ ಸರಿದು, ದಾರಿ ಬಿಡಬೇಕು. ಹಿಂದೆ ಮುಂದೆ ದೊಡ್ಡ ದೊಡ್ಡ ಮೀನುದೋಣಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ಅಂದರೆ ಬಡಗಿಗೆ ನಾವೇ ಬಾಗಿಲು, ನಾವೇ ಬೀಗ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳಲಿ.

ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ಅದೇ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಹೊರಡುವುದನ್ನು, ಬರುವುದನ್ನು, ತಡವಾಗುವುದನ್ನು ಕೂಗಿ ಹೇಳುತ್ತಿದ್ದವಳು. ಇಬ್ಬರಿಗೂ ನಿವೃತ್ತಿಯಾದ ಮೇಲೆ ಹಳೆಯ ದೋಣಿಯೊಂದನ್ನು ಕೊಂಡು ರಿಪೇರಿ ಮಾಡಿ, ಕರಾವಳಿಯುದ್ದಕ್ಕೂ ಊರಿಂದೂರಿಗೆ ಹೋಗಬೇಕೆಂದು ಹೊರಟೆವು. ಹುಚ್ಚು ಅವರದು, ಹುಚ್ಚಿಗೆ ಹೂಂಗುಟ್ಟಿದ ತಪ್ಪು ನನ್ನದು. ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿಯೇ ಇತ್ತು. ಈ ಬಂದರಿಗೆ ಬಂದದ್ದೇ ಬಂದದ್ದು, ಗಾಳಿ ಎದ್ದು ನಮ್ಮನ್ನು ಕೂಡಿಹಾಕಿತು.

ವಾರ ಕಳೆದರೂ ಅದು ಇಳಿಯಲಿಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಹಾಸಿಗೆಯಲ್ಲಿ ಮುಗ್ಗಲು ವಾಸನೆ. ಎರಡು ದೋಣಿಗಳ ನಡುವೆ ಇಳಿಬಿಟ್ಟ ಟೈರುಗಳು ಹಗಲೂ ರಾತ್ರಿ ಕಿರ್ ಕಿರ್ ಎಂದು ತಿಕ್ಕಾಡಿ ನನ್ನ ತಲೆ ಚಿಟ್ಟು ಹಿಡಿಯಿತು. ನಮ್ಮವರೋ, ಎಂಜಿನ್ನಿನ ಪಕ್ಕ ಕಾಲು ಚಾಚಿ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು. ಎಚ್ಚರವಾದಾಗ ಟೀ ಕೇಳುತ್ತಿದ್ದರು. ನನ್ನ ಕೋಪವೆಲ್ಲ ಯಾರ ಮೇಲಾದರೂ ಬೀಳಲೇಬೇಕಿತ್ತು. ಪಕ್ಕದಲ್ಲಿ ಬಡಗಿ ಸಿಕ್ಕಿದ.

ಅವನು ಒಬ್ಬನೇ. ದೋಣಿ ಅವನದೇ ಕೈಯಲ್ಲಿ ತಯಾರಾದದ್ದು, ಹಲಗೆ ಹಲಗೆಗೂ ವಾರ್ನಿಶ್ ಬಳಿದು ಕನ್ನಡಿ ಮಾಡಿಟ್ಟಿದ್ದ. ನಾವು ಮೊದಲ ದಿನ ದಾಟುವಾಗಲೇ ಕೈ ಜೋಡಿಸಿ ಅಂದ: "ಅಮ್ಮಾ, ಸ್ವಲ್ಪ ಚಪ್ಪಲಿ ಬಿಚ್ಚಿ ಬರ್ತೀರಾ? ಮತ್ತೆ ಮೂತಿ ಕಡೆಯಿಂದ ಹೋಗಿ, ನಡುಮಧ್ಯೆ ಬೇಡ."

ಮಾತು ಸರಿಯೇ. ಒಬ್ಬರ ದೋಣಿಯ ಮೇಲೆ ಹಾಯುವಾಗ ಮುಂದಿನಿಂದಲೇ ಹಾಯಬೇಕು, ಅವರ ಕ್ಯಾಬಿನ್ನಿನೊಳಕ್ಕೆ ಇಣುಕುತ್ತಾ ಅಲ್ಲ. ದೋಣಿಯವರೆಲ್ಲ ಪಾಲಿಸುವ ಮರ್ಯಾದೆ ಅದು. ಆದರೆ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು ನನ್ನನ್ನು ಅಮ್ಮ ಅಂದಿದ್ದು ಮೊದಲನೆಯ ಉರಿ. ಎರಡನೆಯದು, ಬರಿಗಾಲಲ್ಲಿ ಆ ಒದ್ದೆ ವಾರ್ನಿಶಿನ ಮೇಲೆ ನಡೆದು ಒಂದು ದಿನ ದಬಕ್ಕನೆ ಜಾರಿಬಿದ್ದೆ. ಮೊಣಕಾಲು ಊದಿತು. ಕೈಯಲ್ಲಿದ್ದ ಚೀಲದ ಈರುಳ್ಳಿಯೆಲ್ಲ ಪುಳಪುಳನೆ ನೀರಿಗೆ ಉರುಳಿ ತೇಲತೊಡಗಿತು. ನಮ್ಮವರು ಬಿದ್ದು ಬಿದ್ದು ನಕ್ಕರು. ಬಡಗಿ ನಗಲಿಲ್ಲ, ಓಡಿಬಂದು ಎತ್ತಿದ. ಎತ್ತಿ, ಮೊದಲು ನೋಡಿದ್ದು ಹಲಗೆ ಗೀರಿತೇ ಎಂದು. ಹಾಗೆಂದು ನನಗೆ ಅನ್ನಿಸಿತು. ಅಷ್ಟು ಸಾಕಾಯಿತು ನನಗೆ.

"ಇವನಿಗೆ ದೋಣಿಗಿಂತ ಮನುಷ್ಯರು ಕಡಿಮೆ" ಅಂದೆ ನಮ್ಮವರ ಹತ್ತಿರ.

"ಸುಮ್ನಿರೇ, ಅವನ ಕಷ್ಟ ಅವನಿಗೆ" ಅಂದರು.

ಆ ಕಷ್ಟವೂ ನನಗೆ ಗೊತ್ತಿತ್ತು. ನಮ್ಮ ಕ್ಯಾಬಿನ್ನಿನಲ್ಲೇ ಕೂತು, ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮವರಿಗೆ ಹೇಳಿದ್ದ. ನಾನು ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡಿದ್ದೆ. ಎದುರಿನ ದ್ವೀಪದ ಊರಿನಲ್ಲಿ, ದೊಡ್ಡ ಆಸ್ಪತ್ರೆಯಲ್ಲಿ, ಅವನ ಅಕ್ಕ ಮಲಗಿದ್ದಾಳೆ. ಗಂಟಲಲ್ಲಿ ಗೆಡ್ಡೆ. ಆಪರೇಷನ್ ಆದ ಮೇಲೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ತಾಯಿ ಇಲ್ಲದ ಇವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಯಾವುದೋ ಮಾತಿಗೆ ಮುನಿಸಿಕೊಂಡು ಇವನು ಬಿಗುಮಾನ ಬಿಡದೆ, ಭಾವ ತೀರಿಕೊಂಡಾಗಲೂ ಹೋಗಿರಲಿಲ್ಲ.

"ಬಾಯ್ತುಂಬ ಬೈಯೋಳು ಸಾರ್ ಅವಳು" ಎಂದಿದ್ದ. "ಅವಳ ದನಿ ಹೋಗೋ ಮುಂಚೆ ಒಂದ್ಸಲ ಎದುರಿಗೆ ಕೂತು ತಪ್ಪಾಯ್ತು ಅನ್ಬೇಕು. ಹೊಟ್ಟೆ ತುಂಬ ಬೈಸ್ಕೋಬೇಕು. ಅಷ್ಟೇ ನನಗೆ ಬೇಕಾಗಿರೋದು."

ಗಾಳಿಗೆ ದ್ವೀಪದ ಮೊಬೈಲ್ ಟವರ್ ಉರುಳಿಬಿದ್ದು ಫೋನೂ ಇಲ್ಲ. ಪ್ರಯಾಣಿಕರ ಲಾಂಚು ನಿಂತು ಎಷ್ಟೋ ದಿನವಾಗಿತ್ತು. ಆಪರೇಷನ್ ಮುಂದೂಡುವಂತಿರಲಿಲ್ಲ, ಅವಳಿಗೆ ಉಸಿರೇ ಕಷ್ಟವಾಗುತ್ತಿತ್ತು.

ಆಪರೇಷನ್ನಿನ ದಿನ ಬೆಳಗಾಗುವಾಗ ಗಾಳಿ ನಿಂತಿತು. ಟೈರುಗಳು ಸುಮ್ಮನಾದವು. ಆ ಮೌನಕ್ಕೇ ನನಗೆ ಎಚ್ಚರವಾಯಿತು. ನಮ್ಮವರು ಕತ್ತಲಿರುವಾಗಲೇ ಎದ್ದು ಡೀಸೆಲ್ ತರಲು ಹೋಗಿದ್ದರು. ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ನೀರು ಕಾಯಿಸಿಕೊಂಡು ತಲೆಗೆ ಹುಯ್ದುಕೊಳ್ಳಬೇಕೆಂದು ಬಕೆಟ್ಟು ಮುಂದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಮೇಲೆ ಟಕ್ ಟಕ್ ಸದ್ದು.

"ಅಮ್ಮಾ, ಗಾಳಿ ಬಿತ್ತು. ಸ್ವಲ್ಪ ದಾರಿ ಬಿಡ್ತೀರಾ? ಈಗ ಹೊರಟ್ರೆ ಮಧ್ಯಾಹ್ನ ಕಳಿಯೋದ್ರೊಳಗೆ ಮುಟ್ಟಿಬಿಡ್ತೀನಿ. ಆಪರೇಷನ್ ಸಾಯಂಕಾಲ." ಗಡ್ಡ ಬೋಳಿಸಿದ್ದ. ಮಡಿಕೆ ಗೆರೆ ಮೂಡಿದ ಬಿಳಿ ಅಂಗಿ ಹಾಕಿದ್ದ. "ನೀವೇನೂ ಶ್ರಮ ತಗೋಬೇಡಿ. ಹಗ್ಗ ಎಲ್ಲ ನಾನೇ ಬಿಚ್ತೀನಿ, ನಾನೇ ಕಟ್ಟಿ ಕೊಡ್ತೀನಿ. ಚುಕ್ಕಾಣಿ ಹಿಡ್ಕೊಂಡ್ರೆ ಸಾಕು."

ಇಪ್ಪತ್ತು ನಿಮಿಷದ ಕೆಲಸ. ಕೂದಲು ಬಿಚ್ಚಿಕೊಂಡಿದ್ದೆ, ಮೊಣಕಾಲು ಇನ್ನೂ ನೋಯುತ್ತಿತ್ತು, ನೀರು ಕುದಿಯುತ್ತಿತ್ತು. ಚಪ್ಪಲಿ ಬಿಚ್ಚು ಅಂದಾಗ ನಾನು ಬಿಚ್ಚಲಿಲ್ಲವೇ, ಇವನೂ ಎರಡು ಮೂರು ಗಂಟೆ ಕಾಯಲಿ, ಆಮೇಲೆ ಬಿಟ್ಟರಾಯಿತು ಅಂದುಕೊಂಡೆ. ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅದಕ್ಕಿಂತ ದೊಡ್ಡ ಕೆಡುಕು ಇರಲಿಲ್ಲ, ಅದಕ್ಕಿಂತ ಒಳ್ಳೆಯದೂ ಇರಲಿಲ್ಲ.

"ಈಗಲೇ ಬೇಡಪ್ಪಾ" ಅಂದೆ. "ನಮ್ಮವರು ಬಂದರು ಕಚೇರೀಲಿ ವಿಚಾರಿಸ್ಕೊಂಡು ಬಂದು ಹೇಳಿ ಹೋದ್ರು. ಇದು ಸುಳ್ಳು ಬಿಡುವು ಅಂತೆ, ಗಾಳಿ ಇನ್ನೊಂದ್ಸಲ ಬೀಸಿ ಆಮೇಲೆ ಪೂರ್ತಿ ಇಳಿಯುತ್ತಂತೆ. ಹತ್ತು ಗಂಟೆ ಮೇಲೆ ಹೊರಡೋದು ಕ್ಷೇಮ."

ನಮ್ಮವರು ಏನೂ ವಿಚಾರಿಸಿರಲಿಲ್ಲ. ಏನೂ ಹೇಳಿರಲಿಲ್ಲ. ಆದರೆ ಇಂಥಾ ಊರಿಗೆ ಹೋಗುವ ಬಸ್ಸು ಒಂದು ಗಂಟೆ ತಡ ಎಂದು ಜೀವಮಾನವಿಡೀ ಹೇಳಿದ ನಾಲಿಗೆ ನನ್ನದು. ಆ ದನಿಯಲ್ಲಿ ಹೇಳಿದರೆ ಯಾರೂ ಎದುರಾಡುವುದಿಲ್ಲ, ಚೀಲ ಕೆಳಗಿಟ್ಟು ಕೂತುಬಿಡುತ್ತಾರೆ.

ಅವನೂ ಕೂತ. "ಹಾಗಾದ್ರೆ ಸರಿ ಅಮ್ಮಾ. ನಿಮ್ಮ ಯಜಮಾನರು ತಿಳಿದೋರು" ಅಂದ.

ನಾನು ಸ್ನಾನ ಮಾಡಿದೆ. ಸಾವಕಾಶವಾಗಿ ತಲೆ ಒರೆಸಿಕೊಂಡೆ. ಕಿಟಕಿಯಲ್ಲಿ ನೋಡಿದರೆ ಆಚೆ ಸಾಲಿನ ಮೀನುದೋಣಿಯೊಂದು ಹೊಗೆ ಬಿಡುತ್ತಾ ಹೊರಟಿತ್ತು. ಬಡಗಿ ಚುಕ್ಕಾಣಿಯ ಪಕ್ಕ, ಅಂಗಿ ಕೊಳೆಯಾಗದ ಹಾಗೆ ಕೆಳಗೆ ಚೀಲ ಹಾಸಿಕೊಂಡು ಕೂತು, ಅದು ಹೋಗುವುದನ್ನೇ ನೋಡುತ್ತಿದ್ದ. ಆಗಲೇ ನನಗೆ ಒಂಥರಾ ಆಯಿತು. ಹೋಗಿ ಬಿಟ್ಟುಬಿಡೋಣವೇ ಅನ್ನಿಸಿತು. ಆದರೆ ಆಗಷ್ಟೇ ಹೇಳಿದ ಮಾತನ್ನು ನುಂಗುವುದು ಹೇಗೆ? ಸುಳ್ಳಿನ ಮಾನ ಕಾಯಲು ಇನ್ನಷ್ಟು ಹೊತ್ತು ಕೂತೆ, ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಹತ್ತು ಗಂಟೆಗೆ ಅವನು ಎದ್ದು ನಿಂತಾಗ ನಾನೇ ಓಡಿಹೋಗಿ ಎಂಜಿನ್ ಚಾಲೂ ಮಾಡಿದೆ. "ಬಾಪ್ಪಾ ಬಾ, ಬಿಚ್ಚು" ಎಂದು ಅವಸರ ಮಾಡಿದೆ. ಅವನು ಮೊದಲ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಧಕ್ಕೆಯ ಮೇಲಿನ ಕಸವೆಲ್ಲ ಒಮ್ಮೆಲೇ ಮೇಲಕ್ಕೆದ್ದಿತು. ಎಲ್ಲ ದೋಣಿಗಳ ಹಾಯಿಕಂಬಗಳಲ್ಲೂ ತಂತಿ ಬಡಿದುಕೊಳ್ಳತೊಡಗಿತು. ನೋಡುನೋಡುತ್ತಲೇ ಬಂದರಿನ ಬಾಯಲ್ಲಿ ಅಲೆ ಬೆಳ್ಳಗೆ ಒಡೆಯಿತು. ಬಡಗಿ ಬಿಚ್ಚಿದ ಹಗ್ಗವನ್ನೇ ಮತ್ತೆ ಕಟ್ಟಿದ.

ನನ್ನ ಕಡೆ ತಿರುಗಿ ಏನಂದ ಗೊತ್ತೇ? "ನೀವು ಹೇಳಿದ್ದು ಒಳ್ಳೇದಾಯ್ತಮ್ಮಾ. ಇಲ್ಲದಿದ್ರೆ ಈಗ ನಡುನೀರಲ್ಲಿರ್ತಿದ್ದೆ."

ನನಗೆ ಉಸಿರು ಬಂತು. ಹೌದಲ್ಲ, ಬಾಯಿಗೆ ಬಂದ ಸುಳ್ಳು ನಿಜವೇ ಆಯಿತಲ್ಲ ಎಂದು ಒಂದು ಗಳಿಗೆ ಸಮಾಧಾನಪಟ್ಟುಕೊಂಡೆ. ಆ ಸಮಾಧಾನವನ್ನು ನಮ್ಮವರು ಬಂದು ಒದ್ದರು. ಡೀಸೆಲ್ ಡಬ್ಬ ಇಳಿಸುತ್ತಾ, "ಇವಳೇ, ಅವನು ಹೋಗ್ಲಿಲ್ವಾ?" ಅಂದರು.

"ಗಾಳಿ ಬಂತಲ್ಲ."

"ಗಾಳಿ ಬಂದಿದ್ದು ಈಗ. ಬೆಳಿಗ್ಗೆ ಹೊರಟ ಮೀನಿನೋರು ದ್ವೀಪದ ಮರೆ ಸೇರ್ಕೊಂಡ್ರಂತೆ, ಇನ್ನು ಅವರಿಗೆ ಗಾಳಿ ತಟ್ಟಲ್ಲ. ಕಚೇರಿಗೆ ಈಗಷ್ಟೇ ವೈರ್‌ಲೆಸ್ ಬಂತು. ಇವನ ದೋಣಿ ಹಗುರ, ಅವರಿಗಿಂತ ಮುಂಚೆ ಸೇರ್ತಿತ್ತು. ಯಾಕೆ ಹೋಗ್ಲಿಲ್ಲ?"

ನಾನು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಅವರು ಬೈಯಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ತಲೆಸ್ನಾನಕ್ಕಾ?" ಅಂದರು. ಆ ಒಂದು ಮಾತಿಗೆ ನಾನು ನಾಚಿಕೆಯಿಂದ ಕುಗ್ಗಿಹೋದೆ.

ಆಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಧ್ಯಾಹ್ನ ಕಳೆದರೂ ಪಕ್ಕದಲ್ಲಿ ಅವನು ಬಿಳಿ ಅಂಗಿಯನ್ನೂ ಬದಲಾಯಿಸದೆ ಹಾಗೇ ಕೂತಿದ್ದ. ಹೋಗಿ ಕಾಲಿಗೆ ಬೀಳೋಣವೆಂದರೆ ಬಿದ್ದು ಏನು ಬಂತು? ಆಗ ನಮ್ಮವರು ಹೇಳಿದ ವೈರ್‌ಲೆಸ್ ನೆನಪಾಯಿತು. ಮೀನಿನವರು ಅದರಲ್ಲಿ ಮಾತಾಡಿದರಲ್ಲ! ಆಸ್ಪತ್ರೆಯಲ್ಲೂ ಒಂದು ಇದ್ದೇ ಇರಬೇಕು. ಕಡಲಲ್ಲಿ ಕಾಯಿಲೆ ಬಿದ್ದವರಿಗೆ ಮತ್ತೆ ಹೇಗೆ ಉಪಚಾರ ಹೇಳುತ್ತಾರೆ? ಅವನ ದೋಣಿಯನ್ನು ಮೂತಿಯ ಕಡೆಯಿಂದ ದಾಟಿ, ಮೊಣಕಾಲು ಎಳೆದುಕೊಂಡು ಓಡಿದೆ. ನಮ್ಮವರು ಹಿಂದೆಯೇ ಬಂದರು.

ಬಂದರು ಕಚೇರಿಯ ಕೋಣೆಯಲ್ಲಿ ಮಫ್ಲರ್ ಸುತ್ತಿಕೊಂಡ ಬೋಳುತಲೆಯವರೊಬ್ಬರು ವೈರ್‌ಲೆಸ್ ಮುಂದೆ ಕೂತಿದ್ದರು. ಗೋಡೆಯಲ್ಲಿ ತೇವ, ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು.

"ಇದು ಕಡಲಲ್ಲಿರೋರಿಗೆ ರೀ" ಅಂದರು. "ಮನೆ ಕ್ಷೇಮಸಮಾಚಾರಕ್ಕಲ್ಲ."

"ನಿಮ್ಮ ಕಾನೂನು ನಿಮ್ಮ ಹತ್ರ ಇಟ್ಕೊಳ್ಳಿ. ಸಾಯಂಕಾಲ ಆ ಹೆಂಗಸಿಗೆ ದನಿ ಹೋಗುತ್ತೆ. ನಿಮಗೂ ಒಬ್ಬಳು ಅಕ್ಕ ಇಲ್ವಾ? ಇಲ್ದಿದ್ರೆ ತಂಗಿ ಇರಬೇಕು. ಅವಳೂ ಇಲ್ದಿದ್ರೆ ಮನುಷ್ಯತ್ವ ಆದ್ರೂ ಇರಬೇಕು!" ಎಂದೆಲ್ಲ ಕೂಗಾಡಿದೆ. ಕೂಗಾಡುತ್ತಲೇ ಅಳು ಬಂದುಬಿಟ್ಟಿತು. ಜೋರು ಮಾಡುವ ಹೆಂಗಸು ಅಳುವುದನ್ನು ನೋಡಿ ಅವರಿಗೇ ಗಾಬರಿಯಾಯಿತು.

"ಆಯ್ತು, ಆಯ್ತು ಕರೀರಿ. ಸ್ವಲ್ಪವೇ ಹೊತ್ತು. ಕಡಲಿಂದ ಯಾರಾದ್ರೂ ಕೂಗಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ."

ನಮ್ಮವರು ಬಡಗಿಯನ್ನು ಕರೆತರುವಷ್ಟರಲ್ಲಿ ಆಸ್ಪತ್ರೆ ಸಿಕ್ಕಿತ್ತು. ಅಕ್ಕನನ್ನು ಗಾಲಿಮಂಚದಲ್ಲಿ ತರುತ್ತಿದ್ದೇವೆ, ಆಮೇಲೆ ನೇರ ಆಪರೇಷನ್ ಕೋಣೆಗೇ ಒಯ್ಯುವುದು ಎಂದರು. ಕಾಯುವಾಗ ಮಫ್ಲರಿನವರು ಬಡಗಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದರು. "ನೀವೇನಾ? ಬೆಳಿಗ್ಗೆ ಎಲ್ಲಿ ಹೋಗಿದ್ರಿ? ಕೇಳಿದೋರಿಗೆಲ್ಲ ಹೇಳಿದ್ನಲ್ಲ, ಹೋಗೋರು ಈಗಲೇ ಹೋಗಿ, ಹತ್ತರ ಮೇಲೆ ಮತ್ತೆ ಕೆಡುತ್ತೆ ಅಂತ!"

ಬಡಗಿ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಕಣ್ಣು ತಪ್ಪಿಸಿದೆ. ಅಲ್ಲಿಗೆ ಅವನಿಗೆ ಎಲ್ಲ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು.

"ಏಳೋದು ತಡ ಆಯ್ತು" ಅಂದ ಮಫ್ಲರಿನವರಿಗೆ.

ಅಷ್ಟರಲ್ಲಿ ಸ್ಪೀಕರಿನಿಂದ ಒಡಕು ದನಿ ಬಂತು. ಮರಳಿನ ಮೇಲೆ ಏನನ್ನೋ ಎಳೆದ ಹಾಗಿತ್ತು. "ತಮ್ಮಾ... ಎಲ್ಲಿದೀಯೋ?"

"ಅಕ್ಕಾ! ಇಲ್ಲೇ, ಈ ಕಡೆ ದಡದಲ್ಲೇ ಇದೀನಿ." ಅವನು ಗುಂಡಿ ಒತ್ತುವುದನ್ನು ಮರೆತಿದ್ದ. ಮಫ್ಲರಿನವರು ತೋರಿಸಿಕೊಟ್ಟರು. ಮತ್ತೆ ಹೇಳಿದ. ಆಮೇಲೆ, "ಬರೋಕಾಗ್ಲಿಲ್ಲ ಅಕ್ಕಾ" ಅಂದ.

ಆ ಕಡೆ ಅಕ್ಕ ಕಷ್ಟಪಟ್ಟು ಉಸಿರು ಎಳೆದುಕೊಂಡಳು.

"ಈ ಸಲಾನೂ ಬರ್ಲಿಲ್ವಾ ನೀನು."

ಇಷ್ಟೇ. ಬೈಗುಳವಲ್ಲ, ಬೇಸರವೂ ಅಲ್ಲ, ಬರಲಾರನೆಂದು ಮೊದಲೇ ಗೊತ್ತಿದ್ದವಳ ಮಾತು. ಬಡಗಿ ಗುಂಡಿ ಒತ್ತಿ ಮೈಕನ್ನು ಬಾಯಿಯ ಹತ್ತಿರ ಹಿಡಿದ. ಈಗ ಹೇಳುತ್ತಾನೆ, ಹೊರಟಿದ್ದೆ, ಒಬ್ಬಳು ಹಾಳಾದವಳು ದಾರಿ ಬಿಡಲಿಲ್ಲ ಎನ್ನುತ್ತಾನೆ ಅಂದುಕೊಂಡೆ. ಹೇಳಲಿ, ಹೇಳಬೇಕು ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ.

"ಹೊರಟಿದ್ದೆ ಅಕ್ಕಾ, ನಿನ್ನಾಣೆ" ಅಂದ. "ಪಕ್ಕದ ದೋಣೀಲಿ ಒಬ್ರು ಅಮ್ಮ ಇದಾರೆ. ಗಾಳಿ ತಿರುಗುತ್ತೆ, ಹೋಗಬೇಡ ಅಂತ ಅಡ್ಡ ನಿಂತು ತಡೆದ್ರು. ಅವರು ಹೇಳಿದ ಹಾಗೇ ಆಯ್ತು. ಹೋಗಿದ್ರೆ ಮುಳುಗಿಹೋಗ್ತಿದ್ದೆ."

ಅವಳು ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇದ್ದಬದ್ದ ಸಮಯವೆಲ್ಲ ಕೆಮ್ಮಿಗೇ ಹೋಗುತ್ತಿತ್ತು. "ಅವರಿದಾರಾ ಅಲ್ಲಿ? ಕೊಡು ಅವರಿಗೆ."

ಬಡಗಿ ಮೈಕನ್ನು ನನ್ನ ಕೈಗಿಟ್ಟ. ನನ್ನ ಮುಖ ನೋಡಲಿಲ್ಲ.

"ಅಮ್ಮಾ... ಇವನನ್ನ ಎತ್ತಿ ಸಾಕಿದೋಳು ನಾನು. ಮೊಂಡ. ಯಾರ ಮಾತೂ ಕೇಳೋನಲ್ಲ. ತಡೆದ್ರಲ್ಲ ನೀವು... ನನ್ನ ಮಗೂನ ಉಳಿಸ್ಕೊಟ್ರಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯೀ."

ಎಂಥೆಂಥ ಗದ್ದಲದಲ್ಲೂ ಮೈಕಿನ ಮುಂದೆ ತಡವರಿಸದವಳು ನಾನು. ಗುಂಡಿ ಒತ್ತಿದೆ, ಬಾಯಿ ತೆರೆದೆ, ಒಂದು ಸೊಲ್ಲೂ ಹೊರಡಲಿಲ್ಲ. ಬಡಗಿ ನನ್ನ ಕೈಯಿಂದ ಅದನ್ನು ಕಿತ್ತುಕೊಂಡ. "ಅಕ್ಕಾ, ಭಾವ ಹೋದಾಗ ನಾನು ಬರ್ಲಿಲ್ಲ, ಅದು ನನ್ನ..."

"ಅವರನ್ನ ಒಳಗೆ ಕರ್ಕೊಂಡು ಹೋದ್ರು" ಎಂದಿತು ಸ್ಪೀಕರಿನಲ್ಲಿ ಬೇರೆ ಯಾರದೋ ದನಿ. "ಏನಾದ್ರೂ ಹೇಳೋದಿದ್ರೆ ಹೇಳಿ, ಎಚ್ಚರ ಆದ್ಮೇಲೆ ತಿಳಿಸ್ತೀವಿ."

"ಏನಿಲ್ಲ" ಅಂದ ಬಡಗಿ.

ಹೊರಗೆ ಮಳೆ ಹಿಡಿದಿತ್ತು, ಜಗಲಿಯಲ್ಲಿ ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು. ನಾನು ಅವನ ಮುಂದೆ ಹೋಗಿ ನಿಂತೆ. "ತಪ್ಪಾಯ್ತಪ್ಪಾ. ಕಚೇರೀಲಿ ಯಾರೂ ಏನೂ ಹೇಳಿರ್ಲಿಲ್ಲ. ಕೋಪಕ್ಕೆ ಹೇಳ್ದೆ, ಬರೀ ಕೋಪಕ್ಕೆ. ನೀವು ಯಾಕೆ ಹಾಗಂದ್ರಿ? ನಿಜ ಹೇಳ್ಬೇಕಿತ್ತು. ಉಗೀಬೇಕಿತ್ತು ನನ್ನ ಮುಖಕ್ಕೆ."

"ನಿಜ ಹೇಳಿದ್ರೆ ಅವಳು ನಿಮಗೆ ಹಿಡಿಶಾಪ ಹಾಕ್ತಾ ಒಳಗೆ ಹೋಗ್ತಿದ್ಲು" ಅಂದ. ದನಿ ಏರಿಸಲಿಲ್ಲ. "ಕೊನೇ ಮಾತು ಶಾಪ ಆಗೋದು ಬೇಡ ಅನ್ನಿಸ್ತು. ಅವಳಿಗೋಸ್ಕರ ಹೇಳಿದ್ದು. ನಿಮಗೋಸ್ಕರ ಅಲ್ಲ."

"ಗಾಳಿ ನಿಂತ ಮೇಲೆ ನಾನೇ ಬಂದು ಅವರ ಹತ್ರ ಎಲ್ಲ ಹೇಳ್ಕೋತೀನಿ."

"ಬನ್ನಿ. ಬರಲೇಬೇಕು. ಅವಳು ನಿಮ್ಮನ್ನ ನೋಡ್ಬೇಕು ಅಂತಾಳೆ, ಅವಳ ಬುದ್ಧಿ ನನಗೆ ಗೊತ್ತು. ಆದ್ರೆ ಬಾಯಿ ತೆಗೀಬೇಡಿ. ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ಅವಳ ಮುಂದೆ ಬರಬೇಡಿ" ಎಂದು ಹೇಳಿ ಮಳೆಯಲ್ಲೇ ಧಕ್ಕೆಯ ಕಡೆ ನಡೆದ.

ಗಾಳಿ ಸಂಪೂರ್ಣ ಇಳಿದ ದಿನ ಎರಡೂ ದೋಣಿಯವರು ಒಟ್ಟಿಗೆ ಹೊರಟೆವು. ದಾರಿಯುದ್ದಕ್ಕೂ ಅವನು ನಮ್ಮ ಕಡೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಅವನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಸಣ್ಣ ಜೀವ, ಕುತ್ತಿಗೆಗೆ ದಪ್ಪ ಬ್ಯಾಂಡೇಜು. ಅವನು ಮಂಚದ ಪಕ್ಕ ಮಂಡಿಯೂರಿ, ಅವಳ ಮಡಿಲಲ್ಲಿ ಮುಖವಿಟ್ಟು ಭಾವನ ಸಾವಿನ ಮಾತೆತ್ತಿದ, ತಪ್ಪಾಯ್ತು ಅಂದ. ಅವಳು ಕೇಳಿದಳು. ಅವಳ ತುಟಿ ಬಿರುಸಾಗಿ ಅಲ್ಲಾಡತೊಡಗಿತು, ಬೆರಳು ಅವನ ತಲೆಗೆ ಮೊಟಕುತ್ತಿತ್ತು. ಬೈಯುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅವನು ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತಾ ಕೂತ. ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಅವಳಿಗೆ ಬಾಗಿಲಲ್ಲಿ ನಿಂತಿದ್ದ ನಾನು ಕಂಡೆ. ಯಾರು ಎಂದು ಹುಬ್ಬಿನಲ್ಲೇ ಕೇಳಿದಳು. "ಇವರೇ" ಅಂದ ಬಡಗಿ. ಅವಳು ಎರಡೂ ಕೈ ಚಾಚಿ ನನ್ನನ್ನು ಹತ್ತಿರ ಕರೆದು, ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ತಮ್ಮನ ಭುಜ ತಟ್ಟಿ, ಅವನ ಗದ್ದವನ್ನು ನನ್ನ ಕಡೆ ತಿರುಗಿಸಿ, ಹೇಳು, ಸುಮ್ಮನೆ ನಿಂತಿದ್ದೀಯಲ್ಲ, ಹೇಳು ಎಂದು ಸನ್ನೆ ಮಾಡಿದಳು.

ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನಿಮ್ಮಿಂದ ತುಂಬ ಉಪಕಾರ ಆಯ್ತಮ್ಮಾ" ಅಂದ.

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅದಕ್ಕೇನಪ್ಪಾ, ಪರವಾಗಿಲ್ಲ" ಅಂದೆ. ಅವಳು ಸದ್ದಿಲ್ಲದೆ ನಕ್ಕಳು.